ಜಂಬದ ಪೆಟ್ಟಿಗೆ

ಮುನಿವೆಂಕಟಪ್ಪ ಬದುಕಿದ್ದಷ್ಟು ದಿನ ಆ ಮನೆಯಲ್ಲಿ ಊಟ ಎಂದರೆ ಒಂದು ಸಣ್ಣ ಪಂಚಾಯಿತಿ. ಮುದ್ದೆ ಗಟ್ಟಿಯಾದರೆ ಒಂದು ಮಾತು, ಮೆತ್ತಗಾದರೆ ಇನ್ನೊಂದು, ಸಾರಿಗೆ ಉಪ್ಪು ಚಿಟಿಕೆ ಕಮ್ಮಿಯಾದರಂತೂ ಬೀದಿಯ ಕೊನೆಯ ಮನೆಗೂ ಕೇಳಬೇಕು. "ಉಪ್ಪಿಗೂ ಬರ ಬಂತೇನೇ ಈ ಮನೇಲಿ?" ಎಂದು ಅವನು ತಟ್ಟೆ ಸರಿಸುವುದು, ಹೆಂಡತಿ ಭಾಗ್ಯಮ್ಮ ಉಪ್ಪಿನ ಜಾಡಿ ತಂದು ಎದುರಿಗೆ ಕುಕ್ಕುವುದು, ಅವನು ಹಾಕಿಕೊಂಡು ಎರಡು ಮುದ್ದೆ ಉಂಡು ತೇಗುವುದು, ಇದು ದಿನದ ಪಾಠ. ಬಾಶೆಟ್ಟಿಹಳ್ಳಿಯ ದಾರದ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವನು. ಮಿಷನ್ನುಗಳ ಸದ್ದಿನ ಮೇಲೆ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದೇ ಅವನಿಗೆ ಮರೆತುಹೋಗಿತ್ತು. ಒಂದು ದಿನ ಎರಡನೇ ಪಾಳಿಗೆ ಹೋದವನು ಮಿಷನ್ನಿನ ಪಕ್ಕದಲ್ಲಿ ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ.

ಆಮೇಲೆ ಆ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಭಾಗ್ಯಮ್ಮ ಅಳಲೂ ಇಲ್ಲ. ನೆಂಟರ ಹೆಂಗಸರು ಬೆನ್ನು ತಟ್ಟಿ "ಅತ್ತುಬಿಡೇ, ಎದೇಲಿ ಇಟ್ಕೋಬೇಡ" ಅಂದರು. ಅವಳಿಗೆ ಆಗ ಹೊಳೆದದ್ದು ಡೈರಿಗೆ ಹಾಲು ಹಾಕುವ ಹೊತ್ತಾಯಿತಲ್ಲ ಎಂಬುದು. ಎದ್ದು ಹೋಗಿ ಎಮ್ಮೆ ಕರೆದಳು. ಊರವರು ಏನೇನೋ ಅಂದುಕೊಂಡರು, ಅಂದುಕೊಳ್ಳಲಿ. ಕಂಪನಿಯವರು ಅಪ್ಪನ ಜಾಗಕ್ಕೆ ಮಗನನ್ನು ಹೆಲ್ಪರ್ ಅಂತ ತೆಗೆದುಕೊಂಡರು. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದ ಅನಿಲ್‌ಕುಮಾರ್ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ ಅಪ್ಪನ ನೀಲಿ ಯೂನಿಫಾರಂ ತೊಟ್ಟ. ಹೈಸ್ಕೂಲಿಗೆ ಹೋಗುವ ತಂಗಿ ಸಿಂಚನ ಸೊಂಟದ ಹತ್ತಿರ ಹೊಲಿಗೆ ಹಿಡಿದುಕೊಟ್ಟಳು. ಅಪ್ಪನ ಮೊಪೆಡ್ ಹತ್ತಿ ಪಾಳಿಗೆ ಹೋಗುತ್ತಿದ್ದ, ಬಂದು ಉಣ್ಣುತ್ತಿದ್ದ, ಮಲಗುತ್ತಿದ್ದ. ಕೇಳಿದ್ದಕ್ಕೆ "ಹೂಂ". ಕೇಳದಿದ್ದರೆ ಅದೂ ಇಲ್ಲ.

ಮನೆಗೆ "ಹೋಗ್ಲಿ ಬಿಡು" ಎಂಬ ಮಾತೊಂದು ಬಂದು ಸೇರಿಕೊಂಡಿತು. ಹಾಲು ಉಕ್ಕಿ ಒಲೆ ಪಾಲಾದರೆ ಹೋಗ್ಲಿ ಬಿಡು. ಸಿಂಚನಾಗೆ ಲೆಕ್ಕದಲ್ಲಿ ನಂಬರು ಕಮ್ಮಿ ಬಂದರೆ ಹೋಗ್ಲಿ ಬಿಡು. ಮುನಿವೆಂಕಟಪ್ಪನ ತಾಯಿ ನರಸಮ್ಮ, ಹಿಂದೆ ಸೊಸೆ ಬಟ್ಟೆ ಹರವಿದ್ದು ವಾರೆಯಾದರೂ ಬಿಡುತ್ತಿರಲಿಲ್ಲ, ಅವಳೂ ಗೋಡೆಗೆ ಒರಗಿ ಕಾಲು ನೀಡಿ ಅದನ್ನೇ ಹೇಳುತ್ತಿದ್ದಳು. ಯಾರು ಮೊದಲು ಶುರುಮಾಡಿದರೋ ದೇವರೇ ಬಲ್ಲ.

ಒಂದು ದಿನ ಭಾಗ್ಯಮ್ಮ ಬೇಕೆಂದೇ ಹುರುಳಿ ಸಾರಿಗೆ ಉಪ್ಪು ಹಾಕಲಿಲ್ಲ. ಸಿಂಚನ ಒಂದು ತುತ್ತು ಉಂಡು ಅಮ್ಮನ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು, ಸುಮ್ಮನೆ ಉಂಡಳು. ನರಸಮ್ಮ, "ನನ್ ನಾಲಿಗೆ ಕೆಟ್ಟೈತೆ, ಏನೂ ಗೊತ್ತಾಗಲ್ಲ" ಅಂದಳು. ಅನಿಲ ಮುದ್ದೆ ಮುರಿದು, ಅದ್ದಿ, ನುಂಗಿ, ತಟ್ಟೆಯಲ್ಲಿ ಉಳಿದ ಸಾರನ್ನೂ ಎತ್ತಿ ಕುಡಿದು, ಕೈ ತೊಳೆದು, "ಬರ್ತೀನಿ" ಎಂದು ಮೊಪೆಡ್ ಹತ್ತಿದ. ಭಾಗ್ಯಮ್ಮನಿಗೆ ಹೆದರಿಕೆಯಾಯಿತು. ಗಂಡ ಹೋದಾಗ ಆಗದ ಹೆದರಿಕೆ ಈಗ ಆಯಿತು. ಮಗನೂ ಅವರಪ್ಪನ ಹಿಂದೆಯೇ ಹೊರಟುಬಿಟ್ಟಿದ್ದಾನೆ, ಇಲ್ಲಿ ಬರೀ ಯೂನಿಫಾರಂ ಓಡಾಡುತ್ತಿದೆ ಎನ್ನಿಸಿತು.

ಹಾಗಿದ್ದವನು ತೊಂಬತ್ತಾರನೇ ಇಸವಿಯ ಆಷಾಢದಲ್ಲಿ, ತಟ್ಟೆ ಮುಂದೆ ಕೂತು, ತಾನಾಗಿಯೇ ಬಾಯಿ ಬಿಟ್ಟ.

"ಅಮ್ಮ, ಒಂದು ಗಿಟಾರ್ ತಗೊಳ್ಳಾ?"

"ತಗೋ," ಅಂದಳು ಭಾಗ್ಯಮ್ಮ. ಗಿಟಾರ್ ಎಂದರೇನೆಂದು ಅವಳಿಗೆ ಸರಿಯಾಗಿ ಗೊತ್ತೂ ಇರಲಿಲ್ಲ. ಅವನು ಮೋಟಾರು ಕೇಳಿದ್ದರೂ ಅದೇ ಹೇಳುತ್ತಿದ್ದಳು.

ಗೋಡೆಯ ಕಡೆಯಿಂದ ನರಸಮ್ಮ ಎದ್ದು ಕೂತಳು. "ಏನದು?"

"ತಂತಿ ವಾದ್ಯ ಅಜ್ಜಿ," ಎಂದಳು ಸಿಂಚನ. "ಅಣ್ಣನ ಜೊತೆ ಕೆಲಸ ಮಾಡ್ತಾರಲ್ಲ ಕೊಂಡಪ್ಪಣ್ಣ, ಅವರದು ಆರ್ಕೆಸ್ಟ್ರಾ ಇದೆ. ರಾಜ್ಯೋತ್ಸವಕ್ಕೆ ಪ್ರೋಗ್ರಾಂ ಕೊಡ್ತಾರೆ. ಅಣ್ಣಂಗೂ ಸೇರ್ಕೊ ಅಂದವ್ರೆ."

"ಅಪ್ಪ ಹೋಗಿ ವರ್ಷ ತುಂಬಿಲ್ಲ. ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ, ಒಬ್ಬಟ್ಟಿನ ವಾಸನೆ ಕಂಡಿಲ್ಲ ಈ ಮನೆ. ಇವನು ವಾದ್ಯ ತಂದು ಬಾರಿಸ್ತಾನಾ?"

ಅನಿಲ ತಟ್ಟೆ ನೋಡುತ್ತಾ, "ಹೋಗ್ಲಿ ಬಿಡು ಅಜ್ಜಿ," ಎಂದ.

ಭಾಗ್ಯಮ್ಮನಿಗೆ ಎಲ್ಲಿತ್ತೋ ಸಿಟ್ಟು. "ಹೋಗ್ಲಿ ಬಿಡಲ್ಲ. ತಗೊಳ್ಳಲಿ ಅತ್ತೆ. ಬಾರಿಸೋದು ವರ್ಷ ಆದಮೇಲೆ ಬಾರಿಸಲಿ. ತಂದಿಡೋದಕ್ಕೇನು."

"ನೀನೂ ಹೋಗು ಹಂಗಾದ್ರೆ ಜೊತೆಗೆ. ಬಾಯಿಲ್ಲದ ಮಗ, ಅಂಗಡಿಯೋನು ಏನು ಕೊಟ್ರೂ ಹೊತ್ಕೊಂಡ್ ಬತ್ತಾನೆ."

ಹಾಗೆ ತಾಯಿ ಮಗ ಬಸ್ಸು ಹತ್ತಿ ಬೆಂಗಳೂರಿಗೆ ಹೋದರು. ಮೆಜೆಸ್ಟಿಕ್ಕಿನಲ್ಲಿ ಇಳಿದು, ಜನರ ನಡುವೆ ನುಗ್ಗಿ, ಹಾರ್ಮೋನಿಯಂ ತಬಲ ತೂಗುಹಾಕಿದ್ದ ಒಂದು ಇಕ್ಕಟ್ಟಿನ ಅಂಗಡಿ ಹೊಕ್ಕರು. ಅಂಗಡಿಯ ಮುದುಕ ಸಣ್ಣ ಸಣ್ಣ ಗಿಟಾರುಗಳನ್ನು ಇಳಿಸಿ ಇಟ್ಟ. ಅನಿಲ ಒಂದೊಂದನ್ನೂ ಮುಟ್ಟಿ ಕೆಳಗಿಟ್ಟ. ಭಾಗ್ಯಮ್ಮ ಮೂಲೆಯಲ್ಲಿ ನಿಂತಿದ್ದ ಒಂದು ದಪ್ಪ ಹೊಟ್ಟೆಯದನ್ನು ತೋರಿಸಿದಳು.

"ಅದೇನಪ್ಪ, ಅಷ್ಟು ದೊಡ್ಡದು?"

"ಅದು ಜಂಬೋ, ಅಮ್ಮ. ಕಲ್ಕತ್ತಾ ಮಾಲು. ದೊಡ್ಡ ಹೊಟ್ಟೆ, ದೊಡ್ಡ ಸೌಂಡು. ಕರೆಂಟ್ ಹೋಗಿ ಮೈಕು ಸತ್ರೂ ಕೊನೇ ಸಾಲಿಗೆ ಕೇಳತ್ತೆ. ಪೂರ್ತಿ ಮರದ್ದಲ್ಲ, ಪ್ಲೈವುಡ್ಡು, ಅದಕ್ಕೇ ಈ ರೇಟಿಗೆ ಬರೋದು. ಆಮೇಲೆ ತಂತಿ, ಬಿರಡೆ ಒಳ್ಳೇದು ಹಾಕಿಸ್ಕೊಂಡ್ರೆ ಫಾರಿನ್ ಮಾಲು ಥರ ಆಗತ್ತೆ."

ಭಾಗ್ಯಮ್ಮ ಹತ್ತಿರ ಹೋಗಿ, ಸಂತೆಯಲ್ಲಿ ಗಡಿಗೆ ಕೊಳ್ಳುವವಳಂತೆ ಬೆರಳ ಗೆಣ್ಣಿನಿಂದ ಅದರ ಹೊಟ್ಟೆಗೆ ಎರಡು ಕಡೆ ತಟ್ಟಿ ಕಿವಿ ಕೊಟ್ಟಳು. "ಬಿರುಕಿಲ್ಲ. ಸದ್ದು ತುಂಬಿ ಬರ್ತದೆ. ಇದನ್ನೇ ತಗೊಳ್ಳೋ," ಎಂದಳು. ಅಂಗಡಿಯವನು ನಕ್ಕ. ಅನಿಲನ ತುಟಿಯೂ ಒಂಚೂರು ಅಲ್ಲಾಡಿತು, ಅಥವಾ ಅವಳಿಗೆ ಹಾಗೆ ಕಂಡಿತು.

ಮನೆಗೆ ಬಂದಾಗ ನರಸಮ್ಮ ಅದನ್ನು ಮೇಲಿಂದ ಕೆಳಗೆ ನೋಡಿದಳು. "ಏನಂತೆ ಇದರ ಹೆಸರು?"

"ಜಂಬೋ," ಎಂದಳು ಸಿಂಚನ.

"ಜಂಬಾನೇ ಸರಿ. ಮೈ ನೋಡು. ಅಪ್ಪ ಹೋದ ಮನೆಗೆ ಜಂಬದ ಪೆಟ್ಟಿಗೆ ತಂದವ್ರೆ ತಾಯಿ ಮಗ."

ಅಲ್ಲಿಂದ ಅದಕ್ಕೆ ಅದೇ ಹೆಸರು. ಬಾರಿಸುವ ಹಾಗಿರಲಿಲ್ಲ. ನರಸಮ್ಮ ನಡುಮನೆಯಲ್ಲೇ ಮಲಗುವವಳು, ಅವಳ ಕಿವಿ ತಪ್ಪಿಸಿ ಇರುವೆಯೂ ಹೋಗುವಂತಿಲ್ಲ. ಅನಿಲ ಅದಕ್ಕೊಂದು ದಾರಿ ಕಂಡುಕೊಂಡ. ಪಾಳಿ ಮುಗಿಸಿ ಬಂದು ಅಪ್ಪನ ಸ್ಪ್ಯಾನರ್ ಪೆಟ್ಟಿಗೆ ಬಿಚ್ಚಿಕೊಂಡು ಗಿಟಾರನ್ನು ರಿಪೇರಿ ಮಾಡುತ್ತಾ ಕೂರುತ್ತಿದ್ದ. ಹೊಸ ಸಾಮಾನಿಗೆ ಅದೆಂಥ ರಿಪೇರಿಯೋ. ಸಂಬಳ ಬಂದ ವಾರ ಹಳೇ ಬಿರಡೆ ಕಿತ್ತು ಹೊಳೆಯುವ ಬಿರಡೆ ಹಾಕಿದ. ಮುಂದಿನ ತಿಂಗಳು ತಂತಿಗಳನ್ನೆಲ್ಲ ಬದಲಾಯಿಸಿದ. ತಂತಿ ಬಿಗಿಯುವಾಗ "ಟೊಂಯ್" ಎಂದು ಒಂದು ಸದ್ದು ಬರುತ್ತಿತ್ತು.

"ಬಾರಿಸ್ಬೇಡ ಅಂದೆ," ಎನ್ನುತ್ತಿದ್ದಳು ನರಸಮ್ಮ.

"ಬಾರಿಸ್ತಿಲ್ಲ ಅಜ್ಜಿ. ಸರಿ ಮಾಡ್ತಿದೀನಿ."

"ಅದು ಕೆಟ್ಟಿದ್ದು ಯಾವಾಗ?"

"ಹೂಂ."

ಅಡುಗೆಮನೆಯಲ್ಲಿ ಭಾಗ್ಯಮ್ಮ ಆ ಒಂದು ಟೊಂಯ್‌ಗೆ ಕಾಯುತ್ತಿದ್ದಳು. ಅದು ಬಂದರೆ ಮಗ ಮನೆಯಲ್ಲಿದ್ದಾನೆ ಎಂದು ಲೆಕ್ಕ.

ಒಂದು ಸಂಜೆ ಅವನು ಕಾಗದದ ಪೊಟ್ಟಣದಿಂದ ಬಿಳೀ ಚೂರೊಂದನ್ನು ತೆಗೆದು ಅರದಿಂದ ಉಜ್ಜತೊಡಗಿದ. ತಂತಿಗಳು ಕೂರುವ ಕಡೆ ಪ್ಲಾಸ್ಟಿಕ್ಕಿನ ಪಟ್ಟಿ ತೆಗೆದು ಇದನ್ನು ಹಾಕಿದರೆ ನಾದ ಏರುತ್ತದೆ ಎಂದು ಕೊಂಡಪ್ಪ ಕೊಟ್ಟಿದ್ದನಂತೆ.

"ಏನದು, ಬೆಳ್ಳಗೆ?" ಎಂದಳು ನರಸಮ್ಮ.

"ಮೂಳೆ."

"ಯಾರದು?"

"ಎಮ್ಮೇದು ಅಜ್ಜಿ."

ನರಸಮ್ಮ ಆ ದಿನ ಮಾತಾಡಿದಷ್ಟು ಇಡೀ ವರ್ಷ ಮಾತಾಡಿರಲಿಲ್ಲ. ಹಿತ್ತಿಲಲ್ಲಿ ಎಮ್ಮೆ ಕಟ್ಟಿಕೊಂಡು ನಡುಮನೆಯಲ್ಲಿ ಅದರ ಮೂಳೆ ಉಜ್ಜುತ್ತಾನಲ್ಲ, ಇವನಿಗೆ ಮನೆ ಯಾವುದು ಮಸಣ ಯಾವುದು ತಿಳಿಯುವುದಿಲ್ಲವೇ ಎಂದಳು. ಭಾಗ್ಯಮ್ಮ ಬಂದು ಬಾಗಿಲಲ್ಲಿ ನಿಂತಳು. ಈಗ ತಿರುಗಿ ಒಂದು ಮಾತಾಡುತ್ತಾನೆ, ಅವರಪ್ಪನ ಹಾಗೆ ಒಂದು ಕೂಗು ಹಾಕುತ್ತಾನೆ ಎಂದುಕೊಂಡಳು. ಅವನು ಮೂಳೆಯನ್ನು ಪೊಟ್ಟಣದಲ್ಲಿ ಸುತ್ತಿ, "ಹೋಗ್ಲಿ ಬಿಡು," ಎಂದು ಮೊಪೆಡ್ಡಿನ ಡಬ್ಬದಲ್ಲಿ ಹಾಕಿ ಬಂದ. ಹಳೇ ಪ್ಲಾಸ್ಟಿಕ್ಕನ್ನೇ ಮತ್ತೆ ಕೂರಿಸಿದ.

ಭಾದ್ರಪದದಲ್ಲಿ ವರ್ಷದ ತಿಥಿ ಆಯಿತು. ಎಡೆ ಇಟ್ಟರು, ನೆಂಟರು ಉಂಡು ಹೋದರು. ಮಾರನೇ ಸಂಜೆ ಅನಿಲ ಗಿಟಾರು ತೆಗೆದು ಅಜ್ಜಿಯ ಮುಖ ನೋಡಿದ. ಅವಳು ಆ ಕಡೆ ತಿರುಗಿ ಮಲಗಿದಳು. ಅದೇ ಅಪ್ಪಣೆ. ಅವನು ನುಡಿಸಿದ್ದು ಯಾವ ಹಾಡೂ ಅಲ್ಲ, ಅವೇ ನಾಲ್ಕು ಸ್ವರಗಳನ್ನು ಮತ್ತೆ ಮತ್ತೆ. ಆದರೆ ಆ ದೊಡ್ಡ ಹೊಟ್ಟೆಯಿಂದ ಬಂದ ಸದ್ದು ಹಂಚಿನ ಮನೆಯ ಮೂಲೆಮೂಲೆಗೂ ಹೋಯಿತು, ಕೊಟ್ಟಿಗೆಯಲ್ಲಿ ಎಮ್ಮೆ ಕಿವಿ ಎತ್ತಿತು. ಭಾಗ್ಯಮ್ಮ ಮುದ್ದೆಗಿಟ್ಟ ಎಸರು ಬತ್ತುವ ತನಕ ಕೇಳುತ್ತಾ ಕೂತಳು. ಈ ಮನೆಯಲ್ಲಿ ಮತ್ತೆ ಗಂಡು ದನಿ ಕೇಳಿಸಿದ ಹಾಗಿತ್ತು. ಬಾಯಿಂದ ಬರದಿದ್ದರೆ ಬೇಡ, ಪೆಟ್ಟಿಗೆಯಿಂದಲಾದರೂ ಬರಲಿ ಎಂದುಕೊಂಡಳು.

ವರ್ಷ ಕಳೆದ ಮೇಲಿನ ಮೊದಲ ಹಬ್ಬ ಆಯುಧಪೂಜೆ. ಅದು ಮುನಿವೆಂಕಟಪ್ಪನ ಹಬ್ಬ. ಅವತ್ತು ಹೆಂಗಸರನ್ನು ಬಾವಿಕಟ್ಟೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಅನ್ನ ಕೊಡುವ ಸಾಮಾನು ಒಂದೂ ಬಿಡಬಾರದು ಎಂದು ಗುದ್ದಲಿ, ಕುಡುಗೋಲು, ಮಚ್ಚು, ಈಳಿಗೆಮಣೆ, ಸ್ಪ್ಯಾನರುಗಳು, ಮೊಪೆಡ್ಡು ಎಲ್ಲವನ್ನೂ ತಾನೇ ತಿಕ್ಕಿ ತೊಳೆದು ಸಾಲಾಗಿ ಬಿಸಿಲಿಗೆ ಇಡುತ್ತಿದ್ದ. ಈ ಸಲ ಅನಿಲ ಫ್ಯಾಕ್ಟರಿಯ ಪೂಜೆಗೆಂದು ಬೆಳಿಗ್ಗೆಯೇ ಕಂಪನಿ ಬಸ್ಸಿನಲ್ಲಿ ಹೋಗಿದ್ದ, ಸಿಂಚನ ಹೂವು ಬೂದುಗುಂಬಳ ತರಲು ಪೇಟೆಗೆ ಹೋಗಿದ್ದಳು. ಭಾಗ್ಯಮ್ಮ ಸೀರೆ ಎತ್ತಿಕಟ್ಟಿ ಗಂಡನ ಕೆಲಸ ಕೈಗೆತ್ತಿಕೊಂಡಳು. ಸ್ಪ್ಯಾನರುಗಳನ್ನು ಒಂದೊಂದಾಗಿ ತೊಳೆದಳು. ಮೊಪೆಡ್ಡಿಗೆ ಕೊಡ ಕೊಡ ನೀರು ಸುರಿದಳು. ಕೈ ಕೆಲಸ ಮಾಡುತ್ತಿತ್ತು, ಎದೆಯಲ್ಲಿ ಏನೂ ಆಗುತ್ತಿರಲಿಲ್ಲ.

ಜಗಲಿಯ ಮೇಲಿಂದ ನರಸಮ್ಮ ನೋಡುತ್ತಿದ್ದಳು. ಎಲ್ಲ ಮುಗಿದಮೇಲೆ ಅಂದಳು, "ಅದನ್ಯಾಕೆ ಬಿಟ್ಟೆ?"

"ಯಾವುದು ಅತ್ತೆ?"

"ಜಂಬದ ಪೆಟ್ಟಿಗೆ. ನಾಳೆ ನಾಲ್ಕು ಜನದ ಮುಂದೆ ಅದನ್ನ ಹಿಡ್ಕೊಂಡು ನಿಲ್ತಾನೆ ಅಂತೀರಿ. ಅದೂ ಅನ್ನ ಹಾಕೋದೇ ಅಲ್ವಾ? ಒಂದನ್ನ ಬಿಟ್ರೆ ಮುನಿಸ್ಕೊಂತದೆ. ತಗೊಂಡ್ ಬಾ, ತೊಳಿ."

ಭಾಗ್ಯಮ್ಮನಿಗೆ ಸಂತೋಷವಾಯಿತು. ಅತ್ತೆಯ ಬಾಯಲ್ಲಿ ಈ ಮಾತು ಬಂತಲ್ಲ, ಮಗನಿಗೆ ಹೇಳಿದರೆ ಅವನೂ ಖುಷಿಪಟ್ಟಾನು. ಗಿಟಾರನ್ನು ಮಗುವಿನಂತೆ ಎತ್ತಿ ತಂದು ಕಟ್ಟೆಯ ಮೇಲೆ ಮಲಗಿಸಿ, ಸೀಗೆಪುಡಿ ಹಚ್ಚಿ, ಮೆತ್ತಗೆ ಉಜ್ಜಿ, ಎರಡು ಕೊಡ ನೀರು ಹಾಕಿ ತೊಳೆದಳು. ದುಂಡನೆಯ ಬಾಯಿಂದ ಒಳಗೆ ಹೋದ ನೀರನ್ನು ಕೊಡ ಬಗ್ಗಿಸಿದ ಹಾಗೆ ಬಗ್ಗಿಸಿ ಚೆಲ್ಲಿದಳು. ಅರಿಶಿನ ಕುಂಕುಮ ಇಟ್ಟು ಸ್ಪ್ಯಾನರುಗಳ ಪಕ್ಕದಲ್ಲಿ ಬಿಸಿಲಿಗೆ ಇಟ್ಟಳು. ನರಸಮ್ಮ ಅಲ್ಲಿಂದಲೇ ಕೈ ಮುಗಿದಳು.

ಒಬ್ಬಟ್ಟು ತಟ್ಟುತ್ತಿದ್ದಾಗ ಹೊರಗೆ "ಫಟ್" ಎಂದಿತು. ಹುಡುಗರು ಪಟಾಕಿ ಹೊಡೆದರೇನೋ ಎಂದು ಬಂದು ನೋಡಿದರೆ ಗಿಟಾರಿನ ಹೊಟ್ಟೆ ಉಬ್ಬಿತ್ತು, ತಂತಿಗಳನ್ನು ಹಿಡಿದಿದ್ದ ಮರದ ತುಂಡು ಬುಡಸಮೇತ ಎದ್ದು ತಂತಿಗಳ ತುದಿಯಲ್ಲಿ ನೇತಾಡುತ್ತಿತ್ತು.

"ಕುದುರೆ ಕಿತ್ಕೊಂಡ್ ಬಂತು," ಎಂದಳು ನರಸಮ್ಮ. ಭಜನೆಯವರ ತಂಬೂರಿ ನೋಡಿದ್ದವಳಿಗೆ ಅದರ ಹೆಸರು ಗೊತ್ತಿತ್ತು. ಆಮೇಲೆ ಅವಳು ತೊಳಿ ಅಂದದ್ದು ತಾನೇ ಎಂಬುದು ನೆನಪಾಗಿ ಸೆರಗು ಬಾಯಿಗೆ ಒತ್ತಿಕೊಂಡಳು.

ಅನಿಲ ಹಣೆಗೆ ಕುಂಕುಮ, ಕೈಯಲ್ಲಿ ಕಂಪನಿ ಕೊಟ್ಟ ಬೂಂದಿ ಪೊಟ್ಟಣ ಹಿಡಿದು ಬಂದ. ನೋಡಿದ.

"ನಾನೇ ತೊಳ್ದೆ ಕಣೋ," ಎಂದಳು ಭಾಗ್ಯಮ್ಮ. ಅತ್ತೆಯ ಹೆಸರು ಎತ್ತಲಿಲ್ಲ.

"ಹೋಗ್ಲಿ ಬಿಡಮ್ಮ."

"ಬೈಯೋ ನನ್ನ. ಬೈದುಬಿಡು."

"ಯಾಕೆ ಬೈಬೇಕು," ಎಂದು ಪೊಟ್ಟಣವನ್ನು ಸಿಂಚನಾಳ ಕೈಗೆ ಕೊಟ್ಟು, ಗಿಟಾರನ್ನು ಒಯ್ದು ಕೋಣೆಯ ಮೂಲೆಗೆ ಒರಗಿಸಿ, ಬಂದು ಒಬ್ಬಟ್ಟು ಉಂಡ. ಎಷ್ಟು ಬಡಿಸಿದರೆ ಅಷ್ಟು ಉಂಡ.

ಎರಡು ದಿನ ಬಿಟ್ಟು ಕೊಂಡಪ್ಪ ಮನೆಗೇ ಬಂದ. ಗಿಟಾರನ್ನು ತಿರುಗಿಸಿ ನೋಡಿ, "ಪೂರ್ತಿ ಹೋಗಿಲ್ಲ ಗುರು. ಒಣಗಲಿ. ಬಡಗಿಗಳ ಬಿಳೀ ಗೋಂದು ಹಾಕಿ, ಕೂರಿಸಿ, ಮೇಲೆ ಭಾರ ಹೇರು. ಕೂತ್ಕೊಳ್ಳತ್ತೆ," ಎಂದ.

"ಬೇಡ ಕಣೋ. ನೀನು ಬೇರೆ ಯಾರನ್ನಾದ್ರೂ ನೋಡ್ಕೋ."

"ಲೇ, ಪ್ರೋಗ್ರಾಂ ಇನ್ನೂ ವಾರದ ಮೇಲೆ ಇದೆ."

"ಹೋಗ್ಲಿ ಬಿಡು ಗುರು."

ಕೊಂಡಪ್ಪ ಕಾಫಿ ಕುಡಿದು ಹೋದ. ಗೋಂದು, ಭಾರ ಎಂಬ ಎರಡು ಮಾತು ಭಾಗ್ಯಮ್ಮನ ಕಿವಿಯಲ್ಲಿ ಉಳಿದವು.

ಅನಿಲನ ವಾರದ ರಜೆಯ ದಿನ ಮಧ್ಯಾಹ್ನ, ಅವನು ಕೋಣೆಯಲ್ಲಿ ಸೂರು ನೋಡುತ್ತಾ ಮಲಗಿದ್ದಾಗ, ಅವಳು ಗಿಟಾರನ್ನು ನಡುಮನೆಗೆ ತಂದಳು. ಸಿಂಚನಾಳ ಕೈಲಿ ತರಿಸಿದ ಗೋಂದಿನ ಡಬ್ಬಿ ಬಿಚ್ಚಿದಳು. ಒರಳಿನ ಗುಂಡನ್ನು ತೊಳೆದು ಒರೆಸಿ ಹೊಸಿಲ ಹತ್ತಿರ ಇಟ್ಟಿದ್ದಳು. ಕುದುರೆಯನ್ನು ತಂತಿಗಳಿಂದ ಬಿಡಿಸಿ, ಅದರ ಬೆನ್ನಿಗೆ ದೋಸೆಗೆ ಎಣ್ಣೆ ಸವರಿದಂತೆ ಧಾರಾಳವಾಗಿ ಗೋಂದು ಸವರಿ, ಅಂದಾಜಿನ ಮೇಲೆ ಗಿಟಾರಿನ ಹೊಟ್ಟೆಗೆ ಒತ್ತಿದಳು.

"ಅಮ್ಮ, ಏನ್ ಮಾಡ್ತಿದೀಯ?"

ಅನಿಲ ಬಾಗಿಲಲ್ಲಿ ನಿಂತಿದ್ದ.

"ಕೂರಿಸ್ತಿದೀನಿ."

"ಉಲ್ಟಾ ಕೂರಿಸ್ತಿದೀಯ. ಬಿಡು. ಬಿಡಮ್ಮ ಅಂದ್ರೆ, ಅಂಟ್ಕೊಂಡ್ಬಿಡತ್ತೆ." ಬಂದು ಅವಳ ಕೈಯಿಂದ ಕಿತ್ತುಕೊಂಡು, ಗೋಂದು ಒರೆಸಿ, ಹಳೇ ಗುರುತು ನೋಡಿ ತಿರುಗಿಸಿ ಇಟ್ಟ. ಒಬ್ಬನಿಗೇ ಆಗಲಿಲ್ಲ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಜಾರುತ್ತಿತ್ತು. "ಹಿಡ್ಕೋ ಈ ಕಡೆ. ಅಲ್ಲಲ್ಲ, ಇಲ್ಲಿ. ಎರಡೂ ಹೆಬ್ಬೆರಳಲ್ಲಿ ಒತ್ತು. ಅಲ್ಲಾಡಿಸ್ಬೇಡ ಅಂದ್ನಲ್ಲ. ಏನ್ ಕೈಯೋ ಏನೋ ನಿಂದು."

ಗೋಡೆಯ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನರಸಮ್ಮನ ಬೆರಳು ನಿಂತವು. ಆ ದನಿ ಅವಳು ಹೆತ್ತ ಮಗನದು.

"ಸರಿಯಾಗೇ ಹಿಡಿದಿದೀನಿ," ಎಂದಳು ಭಾಗ್ಯಮ್ಮ.

"ಏನು ಸರಿ? ಮರದ ಸಾಮಾನಿಗೆ ನೀರು ಹಾಕಿ ತೊಳೀತಾರೇನಮ್ಮ ಯಾರಾದ್ರೂ?"

"ನೇಗಿಲು ತೊಳೆಯಲ್ವಾ?"

"ನೇಗಿಲೂ ಇದೂ ಒಂದೇನಾ? ಒಳಗೆ ಎಲ್ಲಾ ಅಂಟು ಹಾಕಿರ್ತಾರೆ, ಸೀಗೆಪುಡಿ ಬೇರೆ ಹಾಕಿದೀಯ, ಅದೇನು ತಲೆನಾ?"

"ನಿಮ್ಮಪ್ಪ ಎಲ್ಲಾನೂ ತೊಳೀತಿದ್ರು."

"ಅಪ್ಪ ಸತ್ತೋದ್ರು ಕಣಮ್ಮ."

ಆ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. 'ಹೋದರು' ಎನ್ನುತ್ತಿದ್ದರು, ಪಾಳಿಗೆ ಹೋದವರ ಬಗ್ಗೆ ಹೇಳುವ ಹಾಗೆ. ಎದ್ದು ಹೋಗೋಣವೆಂದರೆ ತಾಯಿಯ ಹೆಬ್ಬೆರಳು ಒಂದು ಕಡೆ, ಮಗನ ಹೆಬ್ಬೆರಳು ಇನ್ನೊಂದು ಕಡೆ ಕುದುರೆಯನ್ನು ಒತ್ತಿ ಹಿಡಿದಿದ್ದವು. ಬಿಟ್ಟರೆ ಜಾರುತ್ತಿತ್ತು. ಹಾಗಾಗಿ ಇಬ್ಬರೂ ಎದುರುಬದುರು ಕೂತೇ ಇದ್ದರು.

"ಅವರ ಬಟ್ಟೆ ಹಾಕೊಂಡು ಹೋಗ್ತೀನಿ," ಎಂದ ಅನಿಲ, ಗಿಟಾರನ್ನೇ ನೋಡುತ್ತಾ. "ಅವರ ಮಿಷನ್ ಮುಂದೇನೇ ನಿಲ್ತೀನಿ. ಅವರು ಕೂತಿದ್ದ ಜಾಗ ದಿನಾ ನೋಡ್ತೀನಿ, ಅದರ ಮೇಲೇ ಕಾಲಿಟ್ಟು ಆ ಕಡೆ ಹೋಗ್ಬೇಕು. ಒಂದು ದಿನ ಯಾರೂ ಕೇಳ್ಲಿಲ್ಲ, ಹೆಂಗಿದೆ ಅಲ್ಲಿ ಅಂತ."

"ಕೇಳ್ಬೇಕಿತ್ತು," ಎಂದಳು ಭಾಗ್ಯಮ್ಮ. "ಹೆಂಗಿದೆ?"

"ಸೆಕೆ. ಹತ್ತಿ ಧೂಳು. ಎಲ್ಲರೂ ನನ್ನ ಮುನಿವೆಂಕಟಪ್ಪನ ಮಗ ಅಂತಾರೆ, ಹೆಸರು ಯಾರಿಗೂ ಗೊತ್ತಿಲ್ಲ. ಕೊಂಡಪ್ಪ ಒಬ್ಬನೇ ಅನಿಲ ಅನ್ನೋದು." ತಂಗಿಯ ಕಡೆ ತಿರುಗಿ, "ಏನೇ ಬಾಯಿ ಬಿಟ್ಕೊಂಡು ನಿಂತಿದೀಯ? ಗುಂಡು ತಗೊಂಬಾ," ಎಂದ.

ಸಿಂಚನ ಏದುಸಿರು ಬಿಡುತ್ತಾ ಗುಂಡು ತಂದಳು. ಕುದುರೆಯ ಮೇಲೆ ಹಳೇ ಬಟ್ಟೆ ಮಡಿಸಿಟ್ಟು, ಅದರ ಮೇಲೆ ಗುಂಡನ್ನು ಇಳಿಸಿ, ಆಮೇಲೆ ಇಬ್ಬರೂ ಕೈ ತೆಗೆದರು. ಭಾಗ್ಯಮ್ಮನ ಹೆಬ್ಬೆರಳು ಬಿಳುಚಿಕೊಂಡಿದ್ದವು.

"ಎಷ್ಟು ದಿನ ಇರ್ಬೇಕು ಅದು ಅಲ್ಲಿ?" ಎಂದಳು ನರಸಮ್ಮ.

"ಭಾನುವಾರದ ತನಕ."

"ಅಲ್ಲಿಗೆ ರುಬ್ಬೋದು ಬಂದ್." ಅವರೆಕಾಯಿಯ ಮೊರವನ್ನು ಹತ್ತಿರ ಎಳೆದುಕೊಂಡಳು. "ಆ ಮೂಳೆ ಏನಾಯ್ತು?"

"ಮೊಪೆಡ್ ಡಬ್ಬದಲ್ಲಿದೆ."

"ಹೆಂಗೂ ಬಿಚ್ಚಿದೀರಲ್ಲ, ಅದನ್ನೂ ಹಾಕ್ಬುಡು. ನಮ್ ಎಮ್ಮೇದಲ್ವಲ್ಲ."

ರಾತ್ರಿಗೆ ಅವರೆಕಾಳಿನ ಸಾರು. ರುಬ್ಬುವ ಹಾಗಿರಲಿಲ್ಲವಾದ್ದರಿಂದ ಭಾಗ್ಯಮ್ಮ ಕಾಯಿ ಇಲ್ಲದೆ ಬರೀ ಖಾರದಪುಡಿ ಹಾಕಿ ಕುದಿಸಿದಳು. ಮನಸ್ಸೆಲ್ಲ ನಡುಮನೆಯ ಗುಂಡಿನ ಮೇಲೆ, ಆ ಸೆಕೆಯ ಮೇಲೆ, ದಿನಾ ಕಾಲಿಟ್ಟು ದಾಟುವ ಜಾಗದ ಮೇಲೆ ಇತ್ತು. ನಾಲ್ವರೂ ಕೂತರು. ಸಿಂಚನ ಒಂದು ತುತ್ತು ಬಾಯಿಗಿಟ್ಟು ಹಾಗೇ ತಲೆ ತಗ್ಗಿಸಿದಳು.

ಅನಿಲ ತಟ್ಟೆ ಸರಿಸಿದ. "ಉಪ್ಪು ಹಾಕಿಲ್ಲ ಕಣಮ್ಮ."

ಭಾಗ್ಯಮ್ಮ ಬೆರಳು ಅದ್ದಿ ನೋಡಿದಳು. ನಿಜವಾಗಿ ಹಾಕಿರಲಿಲ್ಲ, ಮರೆತಿದ್ದಳು.

"ಆವತ್ತೂ ಹಾಕಿರ್ಲಿಲ್ಲ," ಎಂದ ಅವನು. "ಹುರುಳಿ ಸಾರಿಗೆ."

"ಗೊತ್ತಾಗಿತ್ತಾ ನಿಂಗೆ?"

"ಗೊತ್ತಾಗ್ದೆ ಇರತ್ತಾ?"

"ಮತ್ತೆ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಅಪ್ಪನ ಥರ ಆಗತ್ತೆ, ನೀನು ಅಳ್ತೀಯ ಅಂತ."

ಭಾಗ್ಯಮ್ಮ ಉಪ್ಪಿನ ಜಾಡಿ ತರಲು ಎದ್ದು ಅಡುಗೆಮನೆಗೆ ಹೋದಳು. ಜಾಡಿಯ ಮುಚ್ಚಳ ತೆಗೆದ ಸದ್ದು ಕೇಳಿತು. ಅವಳು ಬರಲಿಲ್ಲ. ಮೂವರೂ ತಟ್ಟೆಯ ಮುಂದೆ ತುತ್ತು ಮುರಿಯದೆ ಕೂತರು. ಮುದ್ದೆ ಆರತೊಡಗಿತು.

"ಎಲ್ಲೇ ಹೋದ್ಲು ನಿಮ್ಮಮ್ಮ?" ಎಂದಳು ನರಸಮ್ಮ.

ಸಿಂಚನ ಬಗ್ಗಿ ಅಡುಗೆಮನೆಯೊಳಗೆ ನೋಡಿದಳು. "ಒಲೆ ಮುಂದೆ ಕೂತ್ಕೊಂಡು ಅಳ್ತವ್ಳೆ ಅಜ್ಜಿ."

ಅನಿಲ ಏಳಹೋದ. ನರಸಮ್ಮ ಅವನ ತೋಳು ಹಿಡಿದು ಕೂರಿಸಿದಳು.

"ಅಳ್ಲಿ ಬಿಡು," ಎಂದಳು. ಆಮೇಲೆ ಮೊಮ್ಮಗಳಿಗೆ, "ನೀನ್ ಹೋಗಿ ಉಪ್ಪು ತಗೊಂಬಾ."